ಸುಂಕದ ಗ್ರಂಥ ಮತ್ತು ಅದರ ಓದುಗರು

ಕಾವ್ಯನಾಟಕಗಳನ್ನು ಮಾತ್ರವೇ ವಿಮರ್ಶೆಗೆ ಅರ್ಹವೆಂದೆಣಿಸುವ ನಮ್ಮಲ್ಲಿ, ಜೀವಂತ ಕುದುರೆ ಕತ್ತೆಗಳಿಂದ ಆರಂಭವಾಗಿ ನೂರು ವರ್ಷ ಮೀರಿದ ಪ್ರಾಚೀನ ವಸ್ತುಗಳಲ್ಲಿ ಪರ್ಯವಸಾನಗೊಳ್ಳುವ ಬೃಹದ್ಗ್ರಂಥವೊಂದು ಜಗತ್ತಿನ ಬಂದರುಗಳಲ್ಲೆಲ್ಲ ದಿನಂಪ್ರತಿ ಪಾರಾಯಣಗೊಳ್ಳುತ್ತಿದ್ದರೂ, ಅದನ್ನು ಒಂದು ಕೃತಿಯೆಂದು ಭಾವಿಸಿ ಗುಣದೋಷಗಳನ್ನು ತೂಗಿದವರು ವಿರಳ. 1983ರಲ್ಲಿ ಬ್ರಸೆಲ್ಸ್ ನಗರದಲ್ಲಿ ಒಪ್ಪಂದವಾಗಿ ರೂಪುಗೊಂಡು 1988ರ ಜನವರಿ 1ರಿಂದ ಜಾರಿಗೆ ಬಂದ, ವರ್ತಕರ ಬಾಯಲ್ಲಿ ‘ಎಚ್‌ಎಸ್ ಕೋಡ್’ ಎಂದು ಮೊಟಕಾಗಿರುವ ಸರಕುಗಳ ವರ್ಗೀಕರಣವೇ ಆ ಗ್ರಂಥ. ಇಂದು ‘ಸಪ್ಲೈ ಚೈನ್’ ಎಂದೂ ‘ಟ್ರೇಡ್ ಕಂಪ್ಲಯನ್ಸ್’ ಎಂದೂ ಕರೆಸಿಕೊಳ್ಳುವ ಉದ್ಯೋಗಕ್ಕೆ ಕಾಲಿಡುವ ತರುಣ ತರುಣಿಯರು ಹಡಗು, ಕಂಟೇನರು, ಗೋದಾಮುಗಳ ಮಾತನ್ನು ಎಷ್ಟೇ ಆಡಲಿ, ಅವರ ಯೋಗ್ಯತೆಯ ನಿಜವಾದ ಪರೀಕ್ಷೆ ನಡೆಯುವುದು ಈ ಪುಟಗಳ ಮುಂದೆಯೇ.

ಇಪ್ಪತ್ತೊಂದು ವಿಭಾಗಗಳು, ತೊಂಬತ್ತೇಳು ಅಧ್ಯಾಯಗಳು. ಅವುಗಳಲ್ಲಿ ಎಪ್ಪತ್ತೇಳನೆಯದನ್ನು ಮುಂದಿನ ಅಗತ್ಯಕ್ಕೆಂದು ಬರಿದಾಗಿಯೇ ಇರಿಸಿದ್ದಾರೆ. ಇಷ್ಟು ವಿನಯವುಳ್ಳ ಗ್ರಂಥಕರ್ತರು ಸಾಹಿತ್ಯದಲ್ಲಿಯೂ ಅಪರೂಪವೇ ಸರಿ! ಪ್ರಕೃತಿದತ್ತವಾದುದು ಮೊದಲು, ಮನುಷ್ಯನ ಕೈಯಲ್ಲಿ ಸಂಸ್ಕಾರ ಪಡೆದುದು ಅನಂತರ ಎಂಬ ಸ್ಥೂಲವಾದ ಕ್ರಮವು ಆದ್ಯಂತವಾಗಿ ಹರಿದಿದೆ. ಆದರೆ ಈ ಕೃತಿಯ ಪ್ರತಿಭೆ ವ್ಯಕ್ತವಾಗುವುದು ಅದರ ವ್ಯಾಖ್ಯಾನ ನಿಯಮಗಳಲ್ಲಿ. ಅಧ್ಯಾಯಗಳ ಹೆಸರು ಕೇವಲ ಅನುಕೂಲಕ್ಕಾಗಿ, ನಿರ್ಣಯವಾಗಬೇಕಾದುದು ಶೀರ್ಷಿಕೆಗಳ ಒಕ್ಕಣೆಯಿಂದ ಮತ್ತು ವಿಭಾಗ–ಅಧ್ಯಾಯಗಳ ಟಿಪ್ಪಣಿಗಳಿಂದ ಎಂದು ಮೊದಲನೆಯ ನಿಯಮವೇ ಸಾರುತ್ತದೆ. ಮೀನಿನ ಅಧ್ಯಾಯಕ್ಕೆ ಹೋಗಿ ತಿಮಿಂಗಿಲವನ್ನು ಅರಸುವವನನ್ನು ಅಲ್ಲಿಯ ಟಿಪ್ಪಣಿ ಬಾಗಿಲಲ್ಲಿಯೇ ತಡೆದು ಸಸ್ತನಿಗಳ ಕಡೆಗೆ ಕಳುಹಿಸುತ್ತದೆ. ಎರಡು ಶೀರ್ಷಿಕೆಗಳು ಒಂದೇ ವಸ್ತುವಿಗಾಗಿ ಸ್ಪರ್ಧಿಸಿದರೆ ಹೆಚ್ಚು ನಿರ್ದಿಷ್ಟವಾದುದಕ್ಕೆ ಪ್ರಾಶಸ್ತ್ಯ. ಅದರಿಂದ ಬಗೆಹರಿಯದಿದ್ದರೆ ವಸ್ತುವಿನ ಸಾರಭೂತ ಲಕ್ಷಣವನ್ನು ನೋಡಬೇಕು. ಅದೂ ಸಾಲದಾದರೆ ಸಂಖ್ಯಾಕ್ರಮದಲ್ಲಿ ಕಡೆಯದನ್ನು ಹಿಡಿಯಬೇಕು. ಮೀಮಾಂಸಕರು ಕೇಳಿದ್ದರೆ ತಲೆದೂಗುತ್ತಿದ್ದರು.

ಗುಣವನ್ನು ಹೇಳಿದ ಮೇಲೆ ದೋಷವನ್ನು ಮುಚ್ಚಿಡುವುದು ಸಲ್ಲದು. ಚಿಕ್ಕಮಗಳೂರು, ಕೊಡಗುಗಳ ಕಾಫಿಯನ್ನೇ ನೋಡಿರಿ. ಹುರಿಯದ ಬೀಜವಾಗಲಿ, ಹುರಿದ ಬೀಜವಾಗಲಿ, 0901 ಎಂಬ ಒಂದೇ ಶೀರ್ಷಿಕೆಯ ಕೆಳಗೆ ಸಸ್ಯೋತ್ಪನ್ನಗಳ ನಡುವೆ ಇರುತ್ತದೆ. ಅದೇ ಬೀಜದಿಂದ ಸಾರವನ್ನು ತೆಗೆದು ಇನ್‌ಸ್ಟಂಟ್ ಕಾಫಿಯಾಗಿಸಿದ ಕೂಡಲೆ ಅದು ಇಪ್ಪತ್ತೊಂದನೆಯ ಅಧ್ಯಾಯಕ್ಕೆ ವಲಸೆ ಹೋಗಿ ತಯಾರಿಸಿದ ಆಹಾರವೆನಿಸುತ್ತದೆ. ಐರೋಪ್ಯ ಒಕ್ಕೂಟದ ಸಾಮಾನ್ಯ ದರಪಟ್ಟಿಯಲ್ಲಿ ಕೆಫೀನ್ ತೆಗೆಯದ ಹಸಿ ಬೀಜಕ್ಕೆ ಸುಂಕವಿಲ್ಲ, ಹುರಿದರೆ ಶೇ. 7.5, ಇನ್‌ಸ್ಟಂಟ್ ಪುಡಿಯಾದರೆ ಶೇ. 9. ಬೆಳೆದವನು ತನ್ನ ಊರಿನಲ್ಲಿಯೇ ಬೆಲೆಯನ್ನು ಕೂಡಿಸಲು ಮಾಡಿದ ಪ್ರತಿಯೊಂದು ಯತ್ನಕ್ಕೂ ಮೆಟ್ಟಿಲುಮೆಟ್ಟಿಲಾಗಿ ದಂಡ ತೆರುವಂತಾಯಿತಲ್ಲವೆ? ದರವನ್ನು ವಿಧಿಸುವವರು ಆಯಾ ರಾಜ್ಯಾಧಿಕಾರಿಗಳೇ ಹೊರತು ಗ್ರಂಥವಲ್ಲವೆಂಬ ಸಮಾಧಾನ ನ್ಯಾಯವಾದುದೇ. ಆದರೂ ಮೆಟ್ಟಿಲುಗಳನ್ನು ಕಟ್ಟಿಕೊಟ್ಟವರು ತಮಗೂ ಆ ಏಣಿಗೂ ಸಂಬಂಧವಿಲ್ಲವೆಂದು ಪೂರ್ತಿಯಾಗಿ ಕೈತೊಳೆದುಕೊಳ್ಳಲಾಗದು. ಇನ್ನು, ದೇಶಗಳ ಏಕವಾಕ್ಯತೆಯಾದರೂ ಆರನೆಯ ಅಂಕಿಯವರೆಗೆ ಮಾತ್ರ. ಭಾರತ ಎಂಟು ಅಂಕಿಗಳನ್ನೂ ಅಮೆರಿಕ ಹತ್ತು ಅಂಕಿಗಳನ್ನೂ ಬಳಸುತ್ತವೆ.

ವಸ್ತುಸ್ವರೂಪದ ಜಿಜ್ಞಾಸೆಯು ಹಣದ ಜಿಜ್ಞಾಸೆಯಾಗಿ ಮಾರ್ಪಟ್ಟಾಗ ಏನಾಗುವುದೆಂಬುದಕ್ಕೆ ನಮ್ಮ ತೆಂಗಿನೆಣ್ಣೆಯೇ ಸಾಕ್ಷಿ. ಇದೇ ವರ್ಗೀಕರಣವನ್ನು ಅನುಸರಿಸಿದ ಅಬಕಾರಿ ಪಟ್ಟಿಯಲ್ಲಿ, ಸಣ್ಣ ಬಾಟಲಿಯ ಶುದ್ಧ ತೆಂಗಿನೆಣ್ಣೆ ಅಡುಗೆಯದೋ ತಲೆಗೂದಲಿನದೋ ಎಂಬ ಪ್ರಶ್ನೆಯ ಮೇಲೆ 2018ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತ ತಾಳಿದರು. 2024ರ ಡಿಸೆಂಬರಿನಲ್ಲಿ ಮೂವರ ಪೀಠವು, ಕೇಶತೈಲವೆಂದು ಲೇಬಲ್ ಮುಂತಾದ ಕುರುಹುಗಳಿಂದ ಗುರುತಿಸಲ್ಪಡದಿದ್ದರೆ ಬಾಟಲಿ ಸಣ್ಣದೆಂಬ ಮಾತ್ರದಿಂದ ಅದು ಖಾದ್ಯತೈಲವಲ್ಲದೆ ಹೋಗದೆಂದು ನಿರ್ಣಯಿಸಿತು. ಅಮೆರಿಕೆಯಲ್ಲಿ ಇದಕ್ಕಿಂತಲೂ ವಿನೋದವಾದ ವ್ಯಾಜ್ಯ ನಡೆದಿದೆ: ಎಕ್ಸ್-ಮೆನ್ ಕಥೆಯ ಗೊಂಬೆಗಳು ಮನುಷ್ಯಾಕೃತಿಗಳಲ್ಲವೆಂದು 2003ರಲ್ಲಿ ಅಲ್ಲಿಯ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯವು ಒಪ್ಪಿದ್ದರಿಂದ ಆಮದುದಾರನಿಗೆ ಕಡಿಮೆ ಸುಂಕದ ಲಾಭವಾಯಿತು.

ಇಂತಹ ಪ್ರಸಂಗಗಳನ್ನು ಕಂಡು, ಈ ವೃತ್ತಿಯೆಂದರೆ ಸುಂಕ ತಪ್ಪಿಸುವ ಚಮತ್ಕಾರವೆಂದು ತಿಳಿಯುವವರುಂಟು. ದರವನ್ನು ಮೊದಲೇ ನಿಶ್ಚಯಿಸಿಕೊಂಡು ಶೀರ್ಷಿಕೆಯನ್ನು ಆಮೇಲೆ ಹುಡುಕುವ ಅಭ್ಯಾಸ ಆಫೀಸುಗಳಲ್ಲಿ ಇಲ್ಲದಿಲ್ಲ. ಅದಕ್ಕಿಂತಲೂ ವ್ಯಾಪಕವಾದುದು, ಕಳೆದ ವರ್ಷದ ‘ಬಿಲ್ ಆಫ್ ಎಂಟ್ರಿ’ ಎಂಬ ಆಮದು ಘೋಷಣಾಪತ್ರದಲ್ಲಿದ್ದ ಸಂಖ್ಯೆಯನ್ನು ವಿಚಾರಮಾಡದೆ ಈ ವರ್ಷಕ್ಕೂ ನಕಲಿಸುವ ಆಲಸ್ಯ. ಭಾರತದಲ್ಲಿ 2011ರಲ್ಲಿ ಸ್ವಯಂಮೌಲ್ಯಮಾಪನದ ಪದ್ಧತಿ ಬಂದಂದಿನಿಂದ ಸರಕಿನ ವರ್ಗವನ್ನು ಘೋಷಿಸುವ ಹೊಣೆ ಆಮದು ರಫ್ತುದಾರರ ಮೇಲೆಯೇ ಬಿದ್ದಿದೆ. ಉದ್ದೇಶಪೂರ್ವಕವಾಗಿ ಸತ್ಯವನ್ನು ಮರೆಮಾಚಿದ್ದರೆ ಐದು ವರ್ಷಗಳ ಹಿಂದಿನ ಸುಂಕವನ್ನೂ ಕಸ್ಟಮ್ಸ್ ಇಲಾಖೆ ಕೇಳಬಲ್ಲುದು. ಹೀಗಿರುವಲ್ಲಿ ಈ ಉದ್ಯೋಗದ ಶಿಕ್ಷಣವು ತಂತ್ರಾಂಶದ ಪರದೆಯಲ್ಲಿ ಖಾನೆಗಳನ್ನು ತುಂಬುವುದಕ್ಕಷ್ಟೇ ಸೀಮಿತವಾಗಿರುವುದು, ನನ್ನ ಅಭಿಪ್ರಾಯದಲ್ಲಿ, ಅಕ್ಷಮ್ಯ.

ಡ್ರೋನುಗಳಿಗೆ ಪ್ರತ್ಯೇಕ ಶೀರ್ಷಿಕೆ ಕೊಟ್ಟ 2022ರ ಪರಿಷ್ಕರಣವು ಈಗ ಬಳಕೆಯಲ್ಲಿದೆ. ಮುಂದಿನದು 2028ರ ಜನವರಿ 1ರಿಂದ ಜಾರಿಗೆ ಬರಲಿದೆ. ಅದು ಕೈಗೆ ಬಂದಾಗ ಹೊಸ ಸಂಖ್ಯೆಗಳ ಪಟ್ಟಿಯನ್ನು ಬದಿಗಿಟ್ಟು, ಮೊದಲು ಟಿಪ್ಪಣಿಗಳನ್ನು ಆಮೂಲಾಗ್ರವಾಗಿ ಓದಿರೆಂದು ಈ ವೃತ್ತಿಯನ್ನು ಆರಿಸಿಕೊಂಡ ಕಿರಿಯರಲ್ಲಿ ನನ್ನ ವಿಜ್ಞಾಪನೆ.