ದೇವರಾಜ ಅರಸರ ರಾಜಕೀಯ ಜೀವನ: ಒಂದು ವಿಮರ್ಶೆ

ರಾಜಕೀಯ ಪುರುಷರ ಚರಿತ್ರೆಯನ್ನು ಹೇಳುವವರಲ್ಲಿ ಎರಡು ಬಗೆಯುಂಟು. ಒಬ್ಬನು ಸ್ತುತಿಪಾಠಕನು, ಇನ್ನೊಬ್ಬನು ದೋಷೈಕದೃಷ್ಟಿಯುಳ್ಳವನು. ಮೊದಲನೆಯವನ ಮಾತಿನಲ್ಲಿ ಪುರುಷನು ದೇವತೆಯಾಗುವನು. ಎರಡನೆಯವನ ಮಾತಿನಲ್ಲಿ ರಾಕ್ಷಸನಾಗುವನು. ಮನುಷ್ಯನು ಮಾತ್ರ ಇಬ್ಬರಲ್ಲಿಯೂ ಕಾಣಸಿಗುವುದಿಲ್ಲ. ಮುಖ್ಯಮಂತ್ರಿಗಳಾಗಿದ್ದ ಡಿ. ದೇವರಾಜ ಅರಸರ ವಿಷಯದಲ್ಲಿ ಈ ಅನ್ಯಾಯವು ವಿಶೇಷವಾಗಿ ನಡೆದಿದೆ. ಸಭಾವೇದಿಕೆಗಳಲ್ಲಿ ಅವರು ದೀನೋದ್ಧಾರಕರು. ಮೈಸೂರಿನ ಅಗ್ರಹಾರದ ಜಗಲಿಗಳಲ್ಲಿಯಾದರೋ ಬಹುಕಾಲ ಅವರು ಭೂಮಿಯನ್ನು ಕಸಿದವರು. ಈ ಎರಡು ಮಾತುಗಳನ್ನೂ ತೂಗಿನೋಡುವುದು ವಿವೇಕಿಗಳಾದ ವಾಚಕರ ಕರ್ತವ್ಯವಾಗಿದೆ.

ಅರಸರು 1915ನೆಯ ಇಸವಿಯಲ್ಲಿ ಜನಿಸಿದರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯು ಅವರ ಮನೆತನದ ಊರು. ಅವರು ಹುಟ್ಟಿದ ಅರಸು ಜನಾಂಗವು ಮೈಸೂರು ರಾಜವಂಶಕ್ಕೆ ಬಾಂಧವ್ಯವುಳ್ಳದ್ದು. ಸಂಖ್ಯೆಯಲ್ಲಿ ಮಾತ್ರ ಅತ್ಯಲ್ಪವಾದುದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನದ ಪದವಿಯನ್ನು ಪಡೆದ ತರುವಾಯ ಅವರು ಊರಿಗೆ ಹಿಂದಿರುಗಿ ಬೇಸಾಯವನ್ನು ಕೈಕೊಂಡರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೂ, 1952ರಲ್ಲಿ ಹುಣಸೂರಿನಿಂದ ಶಾಸನಸಭೆಗೂ ಚುನಾಯಿತರಾದರು. 1969ರಲ್ಲಿ ಕಾಂಗ್ರೆಸ್ಸು ಒಡೆದಾಗ ರಾಜ್ಯದ ಹಿರಿಯ ಮುಖಂಡರಲ್ಲಿ ಬಹುಮಂದಿ ನಿಜಲಿಂಗಪ್ಪನವರೊಡನೆ ನಿಂತರು. ಅರಸರು ಇಂದಿರಾ ಗಾಂಧಿಯವರ ಪಕ್ಷವನ್ನು ಹಿಡಿದರು. 1972ನೆಯ ಮಾರ್ಚಿ 20ರಂದು ಮುಖ್ಯಮಂತ್ರಿಗಳಾದರು. ಲಿಂಗಾಯತರು, ಒಕ್ಕಲಿಗರು ಎಂಬ ಎರಡು ದೊಡ್ಡ ಸಮುದಾಯಗಳ ಕೈಯಲ್ಲಿ ಬಹುಮಟ್ಟಿಗೆ ನಿಂತಿದ್ದ ಅಧಿಕಾರವು ಹೀಗೆ ಎರಡಕ್ಕೂ ಸೇರದವರಿಗೆ ಬಂದಿತು. ತಮಗೇ ಸಂಖ್ಯಾಬಲವಿಲ್ಲದ ಈ ಪುರುಷರು ಸಣ್ಣ ಸಣ್ಣ ಜಾತಿಗಳನ್ನು ಒಂದುಗೂಡಿಸಿದರು. ಬಿಡಿ ನಾರುಗಳನ್ನು ಹೊಸೆದು ಹಗ್ಗ ಮಾಡಿದಂತಾಯಿತು. ಎಲ್. ಜಿ. ಹಾವನೂರರ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗವು 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿಯನ್ನೊಪ್ಪಿಸಿದುದು ಈ ನೀತಿಯ ಫಲವೇ ಸರಿ.

ಇನ್ನು ಭೂಮಿಯ ಮಾತು. 1961ರ ಭೂಸುಧಾರಣಾ ಶಾಸನಕ್ಕೆ ಅರಸರ ಸರ್ಕಾರವು ತಂದ ತಿದ್ದುಪಡಿಯು 1974ನೆಯ ಮಾರ್ಚಿ 1ರಿಂದ ಜಾರಿಗೆ ಬಂದಿತು. ಗೇಣಿಗೆ ಕೊಟ್ಟ ಜಮೀನೆಲ್ಲವೂ ಸರ್ಕಾರಕ್ಕೆ ಸೇರಿ, ಉಳುವವನು ನ್ಯಾಯಮಂಡಳಿಯ ಮುಂದೆ ಅರ್ಜಿಯನ್ನಿಟ್ಟು ಅದನ್ನು ಪಡೆಯಬೇಕೆಂದು ವಿಧಿಯಾಯಿತು. ಎಂಟು ಲಕ್ಷಕ್ಕೂ ಮೇಲ್ಪಟ್ಟು ಅರ್ಜಿಗಳು ಬಂದುವು. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಅಕ್ಷರವರಿಯದ ಒಕ್ಕಲು ತನ್ನ ಮಾತನ್ನು ತಾನೇ ಆಡಿದನು. 1950ರ ಸುಮಾರಿನಲ್ಲಿ ಚೀನಾದೇಶದಲ್ಲಿ ನಡೆದ ಭೂಹಂಚಿಕೆಯಲ್ಲಿ ಲಕ್ಷಾಂತರ ಜಮೀನುದಾರರು ಪ್ರಾಣವನ್ನೇ ಕಳೆದುಕೊಂಡರು. ಇಲ್ಲಿ ಅದೇ ಕಾರ್ಯವು ಅರ್ಜಿ, ನೋಟೀಸು, ತೀರ್ಪುಗಳಿಂದ ನೆರವೇರಿತೆಂಬುದನ್ನು ನಿಂದಕರೂ ಮರೆಯಲಾಗದು.

ಅಗ್ರಹಾರದ ದೂರನ್ನು ಎರಡಾಗಿ ವಿಂಗಡಿಸಬೇಕು. ಅಗ್ರಹಾರವೆಂದರೆ ಅಧ್ಯಯನ ಅಧ್ಯಾಪನಗಳು ನಡೆಯಲೆಂದು ರಾಜರು ಬ್ರಾಹ್ಮಣರಿಗಿತ್ತ ವೃತ್ತಿ. ವಿದ್ಯೆಯು ನಿಮಿತ್ತ, ಭೂಮಿಯು ಸಾಧನ. ಕಾಲಕ್ರಮದಲ್ಲಿ ಮಕ್ಕಳು ಇಂಗ್ಲಿಷು ಕಲಿತು ಕಛೇರಿಗಳನ್ನು ಸೇರಿದರು. ಘಟಿಕೆಯು ಮುಚ್ಚಿತು, ಸುಗ್ಗಿಗೆ ಬರುವ ಭತ್ತದ ಗಾಡಿಯು ಮಾತ್ರ ನಿಲ್ಲಲಿಲ್ಲ. ನಿಮಿತ್ತವು ತೀರಿದ ಮೇಲೆ ಸಾಧನವನ್ನು ಹಿಡಿದಿರುವ ಅಧಿಕಾರವೆಷ್ಟು? ಇನಾಮುಗಳನ್ನು ರದ್ದುಪಡಿಸುವ ಶಾಸನವಾದುದಾದರೂ 1954ರಲ್ಲಿ, ಅರಸರ ಆಳಿಕೆಗೆ ಬಹು ಪೂರ್ವದಲ್ಲಿ. ಆದಕಾರಣ ದೂರಿನ ಈ ಭಾಗವು ನಿಲ್ಲಲಾರದು. ದಾನವಿತ್ತ ರಾಜರ ಬಂಧುವರ್ಗದವರೇ ಒಬ್ಬರು ಉಳಿದುದನ್ನೂ ಹಿಂತೆಗೆಸಿದರೆಂಬುದು ವಿಧಿಯ ವಿನೋದವೇ ಹೊರತು ದ್ರೋಹವಲ್ಲ.

ಎರಡನೆಯ ಭಾಗವು ನಿಲ್ಲುತ್ತದೆ. ಮೊದಲಿನ ಶಾಸನವು ವಿಧವೆಯರು, ಅಪ್ರಾಪ್ತವಯಸ್ಕರು, ಅಂಗವಿಕಲರು ಜಮೀನನ್ನು ಗೇಣಿಗೆ ಕೊಡಲು ಆಸ್ಪದವನ್ನಿತ್ತಿದ್ದಿತು. ತಿದ್ದುಪಡಿಯು ಸೈನಿಕರಿಗೂ ನಾವಿಕರಿಗೂ ಮಾತ್ರ ಅದನ್ನು ಉಳಿಸಿತು. ನೂರು ಎಕರೆಯ ಧಣಿಗೆ ಬೇರೆ ದಾರಿಗಳಿದ್ದುವು. ಎರಡು ಎಕರೆ ಗದ್ದೆಯ ಭತ್ತದಿಂದ ಮಡಿಸೀರೆಯ ಮರ್ಯಾದೆಯನ್ನು ಉಳಿಸಿಕೊಂಡಿದ್ದ ಮುದುಕಿಗೆ ಯಾವ ದಾರಿಯಿದ್ದಿತು? ದುರ್ಬಲರ ಪರವಾಗಿ ಹೊರಟ ಶಾಸನವು ದುರ್ಬಲರಲ್ಲಿ ಒಂದು ವರ್ಗವನ್ನು ಕಾಣದೆ ಹೋಯಿತು. ಇದು ಅಸೂಯೆಯ ಮಾತಲ್ಲ, ನ್ಯಾಯದ ಮಾತು.

ಸಾಹಿತ್ಯಾಭಿಮಾನಿಗಳು ಮರೆಯಬಾರದ ಇನ್ನೊಂದು ಪ್ರಸಂಗವುಂಟು. 1973ರ ನವೆಂಬರಿನಲ್ಲಿ ಅರಸರ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗವು ಬೂಸಾ ಎಂಬ ಅರ್ಥದ ಮಾತನ್ನು ಈ ಮೈಸೂರಿನಲ್ಲಿಯೇ ಆಡಿದರು. ಬೀದಿಗಳಲ್ಲಿ ಗಲಭೆಯೆದ್ದಿತು, ಮಂತ್ರಿಗಳು ರಾಜೀನಾಮೆಯನ್ನು ಕೊಡಬೇಕಾಯಿತು. ಆ ಮಾತು ಪಂಪನಿಗೂ ಕುಮಾರವ್ಯಾಸನಿಗೂ ಸಲ್ಲದೆಂದು ತೋರಿಸಲು ಪಂಡಿತರ ಲೇಖನಿಯು ಸಾಲದಾಗಿದ್ದಿತೇ? ಸಾಹಿತ್ಯದ ಮೇಲಣ ಆಕ್ಷೇಪಕ್ಕೆ ಸಮಾಧಾನವು ಸಾಹಿತ್ಯದಿಂದ ಬರಬೇಕು, ಕಲ್ಲಿನಿಂದಲ್ಲ. ತಮ್ಮ ಸಂಪುಟದ ದಲಿತ ಮಂತ್ರಿಯೊಬ್ಬರನ್ನು ಗುಂಪಿನ ಕೂಗಿಗೆ ಬಿಟ್ಟುಕೊಟ್ಟುದು ಅರಸರ ನೀತಿಗೆ ತಕ್ಕುದಾಗಿರಲಿಲ್ಲ. ಅದನ್ನು ಕಂಡು ಹಿಗ್ಗಿದುದು ವಿದ್ಯಾವಂತರಿಗೂ ತಕ್ಕುದಾಗಿರಲಿಲ್ಲ.

ಸಾಧನಗಳ ವಿಷಯದಲ್ಲಿ ಅರಸರು ಇನ್ನೂ ಹೆಚ್ಚಾಗಿ ಆಕ್ಷೇಪಾರ್ಹರು. 1975ರ ತುರ್ತುಪರಿಸ್ಥಿತಿಯಲ್ಲಿ ಅವರ ಸರ್ಕಾರವು ದೆಹಲಿಯ ಆಜ್ಞೆಯನ್ನು ನಡೆಯಿಸಿತು. ನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಕಾಯಿಲೆಯಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಗ್ರೋವರ್ ಆಯೋಗವು ಅರಸರ ಮೇಲಣ ಆರೋಪಗಳಲ್ಲಿ ಕೆಲವು ಸಿದ್ಧವಾದುವೆಂದು ಹೇಳಿತು. ಉದ್ದೇಶವು ಶುದ್ಧವಾಗಿದ್ದ ಮಾತ್ರಕ್ಕೆ ಸಾಧನವು ಶುದ್ಧವಾಗದು.

1978ರಲ್ಲಿ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಕಳುಹಿಸಿಕೊಟ್ಟ ಅರಸರು ಮರುವರ್ಷವೇ ಅವರಿಂದ ಅಗಲಿದರು. 1980ರ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 27 ಇಂದಿರಾ ಕಾಂಗ್ರೆಸ್ಸಿನ ಪಾಲಾದುವು. ಅರಸರು ಅಧಿಕಾರವನ್ನು ಬಿಟ್ಟರು. 1982ನೆಯ ಜೂನ್ 6ರಂದು ಕಾಲವಾದರು. ಭೂಮಿಯನ್ನು ಪಡೆದವರು ಕೂಡ ಅವರ ಕೈಬಿಟ್ಟರೆಂಬುದು ನಿಜ. ಆದರೆ ಪಡೆದ ಭೂಮಿಯು ಅವರ ಕೈಬಿಡಲಿಲ್ಲ; ಆ ಮನೆಗಳ ಮಕ್ಕಳು ಅಗ್ರಹಾರದ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕುಳಿತು ಓದಿದರು. ಅರಸರ ಲೆಕ್ಕದಲ್ಲಿ ಜಮೆಯೂ ಉಂಟು, ಖರ್ಚೂ ಉಂಟು. ಶೇಷವು ಜಮೆಯ ಕಡೆಗೇ ನಿಲ್ಲುತ್ತದೆ. ಆ ಶೇಷವನ್ನು ಒಪ್ಪಿಕೊಳ್ಳುವಾಗ ಎರಡು ಎಕರೆಯ ಮುದುಕಿಯ ಬಾಕಿಯನ್ನು ಹೊಡೆದುಹಾಕದಿರುವುದೇ ನಿಷ್ಪಕ್ಷಪಾತವಾದ ವಿಮರ್ಶೆಯೆನಿಸುವುದು.