ಆತಕೂರಿನ ಶಿಲೆಯೂ ಸಂಗ್ರಹಾಲಯಶಾಸ್ತ್ರವೂ

ವಸ್ತುಸಂಗ್ರಹಾಲಯಗಳ ನಿರ್ವಾಹವು ಮೊದಲು ಕೇವಲ ಅನುಭವದಿಂದ ಕಲಿಯುವ ಕೆಲಸವಾಗಿದ್ದು, ಕ್ರಮೇಣ ಶಾಸ್ತ್ರವೆಂಬ ಹೆಸರನ್ನು ಪಡೆಯಿತು. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ 1882ರಲ್ಲಿ ಒಂದು ವಿದ್ಯಾಶಾಲೆಯು ಸ್ಥಾಪಿತವಾಯಿತು. ಮಾರ್ಕ್‌ಹ್ಯಾಮ್, ಹಾರ್‌ಗ್ರೀವ್ಸ್ ಎಂಬವರು ಭಾರತದ ಸಂಗ್ರಹಾಲಯಗಳನ್ನು ಪರಿಶೀಲಿಸಿ 1936ರಲ್ಲಿ ವರದಿಯನ್ನು ಪ್ರಕಟಿಸಿದರು. 1952ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ವಿಭಾಗವು ಏರ್ಪಟ್ಟಿತು. ಇಷ್ಟು ಬೆಳೆದ ಶಾಸ್ತ್ರದ ಬಲಾಬಲಗಳನ್ನು ಒಂದೇ ಒಂದು ವಸ್ತುವಿನ ಮೇಲೆ ಪರೀಕ್ಷಿಸಿ ನೋಡುವುದು ಈ ಲೇಖನದ ಉದ್ದೇಶವಾಗಿದೆ. ಆ ವಸ್ತುವೇ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನಶಿಲೆ.

ಶಕವರ್ಷ 872ನ್ನು, ಎಂದರೆ ಕ್ರಿ. ಶ. 949-50ನ್ನು ಸೂಚಿಸುವ ಈ ಶಾಸನವು ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧಕ್ಕೆ ಮುಖ್ಯ ಆಧಾರವಾಗಿರುವುದು. ಗಂಗರಾಜ ಬೂತುಗನ ಕಡೆಯ ವೀರನಾದ ಮಣಲೇರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಬೇಡಿ ಪಡೆದುದು ಕಾಳಿಯೆಂಬ ಬೇಟೆನಾಯಿಯನ್ನು. ಕೆಲಲೆನಾಡಿನ ಬೆಳ್ತೂರಿನ ಬಳಿಯ ದಿಬ್ಬದಲ್ಲಿ ಅದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಮಡಿದುವು. ಆ ಹೋರಾಟವನ್ನೇ ಶಿಲೆಯ ಮೇಲೆ ಕಡೆದಿದ್ದಾರೆ.

ರಾಜಕೀಯ ಚರಿತ್ರೆಗಾಗಿ ಈ ಶಾಸನವನ್ನು ಓದಿದವರು ಬಹುಮಂದಿ. ಆದರೆ ಅದರ ಕಡೆಯ ಭಾಗವನ್ನು ಸಂಗ್ರಹಾಲಯಶಾಸ್ತ್ರದ ದೃಷ್ಟಿಯಿಂದ ಓದಬೇಕು. ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನೆಡಿಸಿ, ಊರ ಹಿರಿಯ ಕೆರೆಯ ಕೆಳಗೆ ಇಕ್ಕಂಡುಗ ಭೂಮಿಯನ್ನು ಅದಕ್ಕೆ ದತ್ತಿಯಾಗಿ ಬಿಟ್ಟರು. ಆ ಸ್ಥಾನವನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪವು ಅವನಿಗೆ ತಗಲುವುದೆಂದು ವಿಧಿಸಿದರು. ಸ್ಥಳ, ಪಾಲಕ, ಪಾಲನೆಯ ವೆಚ್ಚಕ್ಕೆ ಆದಾಯ, ತಪ್ಪಿದರೆ ದಂಡ: ಒಂದು ವಸ್ತುವಿನ ರಕ್ಷಣೆಗೆ ಬೇಕಾದ ನಾಲ್ಕು ಅಂಗಗಳೂ ಇಲ್ಲಿ ಉಂಟು. ಅಷ್ಟೇ ಅಲ್ಲ, ರಕ್ಷಣೆಯ ನಿಯಮವು ರಕ್ಷಿತವಾದ ವಸ್ತುವಿನ ಮೇಲೆಯೇ ಕೆತ್ತಲ್ಪಟ್ಟಿದೆ.

ಈಗ ಈ ಶಿಲೆಯು 1865ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರುತ್ತದೆ. ಮಳೆ ಬಿಸಿಲುಗಳಿಂದ ಅದು ಪಾರಾದುದೂ, ವಿದ್ವಾಂಸರಿಗೆ ಸುಲಭವಾಗಿ ದೊರೆತುದೂ ದೊಡ್ಡ ಲಾಭವೇ. ಹೊಲದ ಬದುಗಳಲ್ಲಿ ಸವೆದುಹೋಗುವ ವೀರಗಲ್ಲುಗಳನ್ನು ಕಂಡವರು ಇದನ್ನು ಅಲ್ಲಗಳೆಯಲಾರರು. ಆದರೆ ಶಾಸ್ತ್ರವು ಕಲ್ಲನ್ನು ಉಳಿಸಿತೇ ಹೊರತು, ಕಲ್ಲಿಗೂ ಕೆರೆಗೂ ಗುಡಿಗೂ ಇದ್ದ ಸಂಬಂಧವನ್ನು ಉಳಿಸಲಿಲ್ಲ. ಸಂಗ್ರಹಾಲಯದ ದಾಖಲೆಗಳಲ್ಲಿ ದೊರೆತ ಸ್ಥಳಕ್ಕೆ ಒಂದು ಅಂಕಣವು ಸಾಮಾನ್ಯವಾಗಿ ಇರುವುದು. ಆ ವಸ್ತುವಿನ ವಿಷಯದಲ್ಲಿ ಯಾರಿಗೆ ಯಾವ ಕರ್ತವ್ಯವಿದ್ದಿತೆಂಬುದಕ್ಕೆ ಅಂಕಣವಿರುವುದು ಅಪೂರ್ವ.

ಒಯ್ಯಲಾಗದ ವಸ್ತುವಿನ ಮುಂದೆ ಈ ಕೊರತೆಯು ಇನ್ನೂ ಸ್ಪಷ್ಟವಾಗುವುದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯು ಹರಿಯಿತು. ಅಲ್ಲಿಯ ಯಂತ್ರವೊಂದನ್ನು ತಂದು ಪ್ರದರ್ಶಿಸಬಹುದು, ಜಲಪಾತವನ್ನು ತರಲಾಗದು. ಜಲಪಾತವಿಲ್ಲದೆ ಯಂತ್ರದ ಅರ್ಥವು ಅರ್ಧ. ಕೆರೆಯಿಲ್ಲದ ಆತಕೂರಿನ ಕಲ್ಲಿನ ಸ್ಥಿತಿಯೂ ಹಾಗೆಯೇ.

ಸಂಗ್ರಹಾಲಯವು ತನ್ನ ಸುತ್ತಲಿನ ಜನಸಮುದಾಯಕ್ಕೆ ಸೇವೆ ಸಲ್ಲಿಸಬೇಕೆಂದು 1972ರಲ್ಲಿ ಚಿಲಿ ದೇಶದ ಸ್ಯಾಂಟಿಯಾಗೊ ನಗರದಲ್ಲಿ ನಡೆದ ಸಮಾಲೋಚನೆಯು ಸಾರಿತು. ಇದನ್ನು ಹೊಸ ಸಿದ್ಧಾಂತವೆಂದು ನಮ್ಮ ವಿದ್ಯಾರ್ಥಿಗಳು ಓದುವರು. ಆದರೆ ಪಾಲನೆಯ ಹೊಣೆಯನ್ನು ಊರಿನ ಭೂಮಿಯೊಡನೆಯೂ ಊರಿನ ಜನರೊಡನೆಯೂ ಹೆಣೆದ ಕ್ರಮವು ಸಾವಿರ ವರ್ಷಗಳ ಹಿಂದೆಯೇ ಕನ್ನಡದಲ್ಲಿ ಲಿಖಿತವಾಗಿದ್ದಿತು. ಎರಡೂ ಒಂದೇ ಎಂದು ಸಾಧಿಸುವುದು ಅತಿಶಯೋಕ್ತಿ. ಒಂದರಲ್ಲಿ ಪೂಜೆಯೂ ಪಾಪಭಯವೂ ಕಾರಣ, ಇನ್ನೊಂದರಲ್ಲಿ ಲೋಕಶಿಕ್ಷಣವು ಕಾರಣ. ಆದರೂ ಹೋಲಿಸಿ ನೋಡದಿರುವುದು ಶಾಸ್ತ್ರದ ಲೋಪವೇ ಸರಿ.

ಶಿಲೆಯನ್ನು ಹಿಂದಕ್ಕೆ ಒಯ್ಯಬೇಕೆಂಬುದು ನಮ್ಮ ವಾದವಲ್ಲ. ಶಾಸನದ ಕಡೆಯ ವಾಕ್ಯಗಳ ಅರ್ಥವನ್ನು ನೋಡುವವರಿಗೆ ತಿಳಿಸುವುದು, ಆತಕೂರಿನ ಮಕ್ಕಳಿಗೆ ಆ ಪಾಠವನ್ನು ಅವರ ಊರಿನಲ್ಲಿಯೇ ದೊರಕಿಸುವುದು, ಸಂಗ್ರಹಾಲಯಶಾಸ್ತ್ರದ ಪಾಠಕ್ರಮದಲ್ಲಿ ಇಂತಹ ಶಾಸನಗಳಿಗೆ ಸ್ಥಾನ ಕೊಡುವುದು, ಈ ಮೂರೂ ಅಸಾಧ್ಯವಾದುವಲ್ಲ. ಕಲ್ಲನ್ನು ನೋಡಿಕೊಳ್ಳದೆ ಉಣ್ಣಬಾರದೆಂಬ ವಿಧಿಯು ಗೊರವನಿಗೆ ಮಾತ್ರ ಹೇಳಿದುದಾದರೂ, ಕಲ್ಲು ಈಗ ಯಾರ ವಶದಲ್ಲಿರುವುದೋ ಅವರೂ ಅದನ್ನು ಮನನಮಾಡುವುದು ಯುಕ್ತವಾಗಿದೆ.