ಎಣ್ಣೆ ಹಚ್ಚಿದ ಮೇಲೆ

ತುಮಕೂರಿನ ಲೂರ್ದು ಮಾತೆ ದೇವಾಲಯದ ಭಕ್ತರಿಗೆ ಫೆಬ್ರವರಿ 11 ಎರಡು ಕಾರಣಕ್ಕೆ ದೊಡ್ಡ ದಿನ. 1858ರಲ್ಲಿ ಫ್ರಾನ್ಸಿನ ಲೂರ್ದ್ ಎಂಬ ಊರಿನಲ್ಲಿ ಬರ್ನದೆತ್ ಎಂಬ ಬಡ ಹುಡುಗಿಗೆ ಮಾತೆ ಮರಿಯಮ್ಮನವರು ಮೊದಲು ಕಾಣಿಸಿಕೊಂಡದ್ದು ಅಂದು. 1993ರಿಂದ ಕಥೋಲಿಕ ಧರ್ಮಸಭೆ ಅದೇ ದಿನವನ್ನು ರೋಗಿಗಳ ದಿನವಾಗಿಯೂ ಆಚರಿಸುತ್ತಿದೆ. ಆ ಸುಮಾರಿಗೆ ಧರ್ಮಕೇಂದ್ರಗಳಲ್ಲಿ ಕಾಯಿಲೆಯವರನ್ನೂ ವಯಸ್ಸಾದವರನ್ನೂ ಕರೆಸಿ, ಪವಿತ್ರ ಎಣ್ಣೆ ಹಚ್ಚುವ ಅಭ್ಯಂಗ ಕೊಡುವ ರೂಢಿಯಿದೆ.

ಈ ಅಭ್ಯಂಗ ನನಗೆ ಬಹಳ ಇಷ್ಟವಾದ ಸಂಸ್ಕಾರ. ಹಿಂದೆ ಇದನ್ನು ಸಾಯುವ ಹೊತ್ತಿಗೆಂದೇ ಎತ್ತಿಟ್ಟಿದ್ದರು. ಗುರುಗಳು ಎಣ್ಣೆ ಹಿಡಿದು ಮನೆಗೆ ಬಂದರೆ ಕಥೆ ಮುಗಿಯಿತೆಂದೇ ಲೆಕ್ಕ. ಆಗ ಕಣ್ಣು, ಕಿವಿ, ಮೂಗು, ತುಟಿ, ಕೈ, ಕಾಲಿಗೆಲ್ಲ ಹಚ್ಚುತ್ತಿದ್ದರು. 1972ರ ಸುಧಾರಣೆಯ ನಂತರ ಹಣೆಗೆ, ಎರಡೂ ಕೈಗೆ ಮಾತ್ರ. ಆಪರೇಷನ್‌ಗೆ ಹೊರಟವರೂ ಕೇಳಿ ಪಡೆಯಬಹುದು. ಗುಬ್ಬಿ ಕಡೆಯ ಅಜ್ಜಿಯೊಬ್ಬರು ಅಂಗೈ ಬಿಚ್ಚಿ ಮುಂದೆ ಚಾಚುತ್ತಾರೆ ಎಂದುಕೊಳ್ಳಿ. ಅಡಿಕೆ ಸುಲಿದು ಸುಲಿದು ಬೆರಳೆಲ್ಲ ಕರೆಗಟ್ಟಿವೆ. ಗುರುಗಳ ಹೆಬ್ಬೆರಳು ಆ ಕರೆಯ ಮೇಲೆಯೇ ಶಿಲುಬೆ ಎಳೆಯುತ್ತದೆ. ದುಡಿದು ಸೋತ ಮೈಯನ್ನು ಮುಟ್ಟಿ ಗೌರವಿಸುವ ಇಂಥ ಆಚರಣೆ ಎಷ್ಟು ಕಡೆ ಇದೆ?

ನನ್ನ ತಕರಾರಿರುವುದು ಆಮೇಲಿನ ಪ್ರಬೋಧನೆಯ ಬಗ್ಗೆ. ನಿಮ್ಮ ನೋವನ್ನು ಯೇಸುವಿನ ಶಿಲುಬೆಗೆ ಸೇರಿಸಿ ಒಪ್ಪಿಸಿ ಎನ್ನುತ್ತಾರೆ. ಸುಳ್ಳಲ್ಲ, ಎಷ್ಟೋ ಜನ ಆ ಮಾತಿನ ಬಲದಿಂದಲೇ ರಾತ್ರಿ ಕಳೆದಿದ್ದಾರೆ. ಆದರೆ ಬಹಳ ಸಲ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಗುಂಡೇಟು ತಿಂದು ಬದುಕಿದ ಪೋಪ್ ಎರಡನೇ ಜಾನ್ ಪೌಲರು 1984ರ ಇದೇ ಫೆಬ್ರವರಿ 11ರಂದು ಯಾತನೆಯ ಬಗ್ಗೆ ಬರೆದ ಪತ್ರ ಅಲ್ಲಿಗೆ ನಿಲ್ಲುವುದಿಲ್ಲ. ಅದರ ಏಳನೆಯ ಭಾಗ ಪೂರ್ತಿ ಒಳ್ಳೆಯ ಸಮಾರಿತನದು: ನರಳುವವನ ಪಕ್ಕದಲ್ಲಿ ನಿಂತವನಿಗೂ ಅಲ್ಲಿ ಕೆಲಸವಿದೆ. ಬರ್ನದೆತ್‌ಳ ಕಥೆಯೂ ಅಷ್ಟೆ. ಚಿಕ್ಕಂದಿನಿಂದ ಉಬ್ಬಸ, ಆಮೇಲೆ ಕ್ಷಯ. 1879ರಲ್ಲಿ, 35ನೇ ವಯಸ್ಸಿಗೆ ತೀರಿಕೊಂಡಳು. ಅದಕ್ಕೂ ಮುಂಚೆ ನೆವೇರ್‌ನ ಕಾನ್ವೆಂಟಿನಲ್ಲಿ ಕಾಯಿಲೆಬಿದ್ದ ಸಿಸ್ಟರುಗಳ ಆರೈಕೆ ಮಾಡಿದವಳೂ ಅವಳೇ. ಆದರೆ ನಾವು ಅವಳ ದರ್ಶನವನ್ನಷ್ಟೇ ನೆನೆಯುತ್ತೇವೆ.

ಈ ಅರ್ಧ ಬೋಧನೆ ಮನೆಗಳಲ್ಲಿ ಏನು ಮಾಡುತ್ತದೆ ಎಂಬುದು ತಪಸ್ಸುಕಾಲದಲ್ಲಿ ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆಯ ಹಿರಿಯರು ಮಾತ್ರೆ ನುಂಗಿ, ಊಟ ಬಿಟ್ಟು, ಶುಭ ಶುಕ್ರವಾರದ ಶಿಲುಬೆ ಹಾದಿಯಲ್ಲಿ ತಲೆ ತಿರುಗಿ ಕೂರುತ್ತಾರೆ. ಉಪವಾಸದ ಕಟ್ಟಳೆ 60ಕ್ಕೆ ಕಾಲಿಡುವ ಮುಂಚೆಯೇ ಮುಗಿಯುತ್ತದೆ, ರೋಗಿಗಳಿಗಂತೂ ಯಾವ ವಯಸ್ಸಿನಲ್ಲೂ ಇಲ್ಲ. ಇದನ್ನು ಗುರುಗಳು ಪೀಠದಿಂದಲೇ ಗಟ್ಟಿಯಾಗಿ ಹೇಳಬೇಕು.

1983ರ ಧರ್ಮಸಭೆಯ ಕಾನೂನಿನಲ್ಲಿ ಇನ್ನೊಂದು ಸಣ್ಣ ಸಾಲಿದೆ. ಪರಮಪ್ರಸಾದಕ್ಕೆ ಮುಂಚೆ 1 ಗಂಟೆ ಏನೂ ತಿನ್ನಬಾರದೆಂಬ ನಿಯಮದಿಂದ ವೃದ್ಧರಿಗೂ ರೋಗಿಗಳಿಗೂ ವಿನಾಯಿತಿ ಕೊಟ್ಟು, ಅವರನ್ನು ನೋಡಿಕೊಳ್ಳುವವರಿಗೂ ಅದನ್ನು ಕೊಟ್ಟಿದೆ. ಬರೆದವರಿಗೆ ರೋಗಿಯ ಮನೆ ಗೊತ್ತಿತ್ತು. ಗಂಜಿ ಕಾಯಿಸಿ, ಬಟ್ಟೆ ಬದಲಿಸಿ, ತಾನು ತಿಂದದ್ದು ಯಾವಾಗ ಎಂದೇ ನೆನಪಿಲ್ಲದೆ ಪೂಜೆಗೆ ಓಡಿಬರುವ ಸೊಸೆ ಅವರ ಕಣ್ಣಿಗೆ ಬಿದ್ದಿದ್ದಳು. ಫೆಬ್ರವರಿ 11ರ ಪೂಜೆಯಲ್ಲಿ ಅವಳು ಅತ್ತೆಯ ತೋಳು ಹಿಡಿದು ನಿಂತಿರುತ್ತಾಳೆ. ಅವಳಿಗೆಂದು ಒಂದು ಪ್ರಾರ್ಥನೆಯೂ ಇಲ್ಲದಿದ್ದರೆ ಹೇಗೆ?

ದಾಸೋಹ ಕಂಡ ಜಿಲ್ಲೆ ಇದು. ಸಿದ್ಧಗಂಗೆಯ ನೆರೆಯಲ್ಲಿ ಬದುಕುವವರಿಗೆ ಭಕ್ತಿಯೆಂದರೆ ಅನ್ನ ಬಡಿಸುವ ಕೈಯೂ ಹೌದೆಂದು ಬಿಡಿಸಿ ಹೇಳಬೇಕಿಲ್ಲ. ಅಭ್ಯಂಗದ ಎಣ್ಣೆಯನ್ನು ಪವಿತ್ರ ವಾರದಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರು ಆಶೀರ್ವದಿಸುತ್ತಾರೆ, ಅಲ್ಲಿಂದ ಅದು ನಮ್ಮ ಧರ್ಮಕೇಂದ್ರಗಳಿಗೆ ಬರುತ್ತದೆ. ಕುಣಿಗಲ್‌ನ ರೋಗಿ ದೊಡ್ಡ ಕಾಯಿಲೆಗೆ ಅದೇ ಬೆಂಗಳೂರಿಗೆ, 1886ರಿಂದ ನಡೆಯುತ್ತಿರುವ ಸೇಂಟ್ ಮಾರ್ಥಾಸ್ ಆಸ್ಪತ್ರೆಗೋ ಸೇಂಟ್ ಜಾನ್ಸ್‌ಗೋ, ಮುಂಜಾನೆಯ ಬಸ್ ಹಿಡಿಯುತ್ತಾರೆ. ಚೀಟಿ ಮಾಡಿಸಲು ಸಾಲಿನಲ್ಲಿ ನಿಲ್ಲುವುದಕ್ಕೆ ಜೊತೆಗೊಬ್ಬರು ಬೇಕು. ಪೂಜೆಯ ಕೊನೆಯ ಪ್ರಕಟಣೆಗಳಲ್ಲಿ ಈ ವಾರ ಯಾರು ಆಸ್ಪತ್ರೆಗೆ ಹೊರಟಿದ್ದಾರೆ, ಜೊತೆಗೆ ಯಾರು ಹೋಗಬಲ್ಲಿರಿ ಎಂದು, ಅವರ ಒಪ್ಪಿಗೆ ಪಡೆದು, ಕೇಳಬಹುದಲ್ಲ. ಎರಡು ನಿಮಿಷದ ಮಾತು.